ಹೆಮ್ಮೆಗೆ ಉತಾರ ಕೇಳುವುದಿಲ್ಲ

ನಮ್ಮೂರು ಹುಬ್ಬಳ್ಳಿಯ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. ಜಗತ್ತಿನಲ್ಲೇ ಅತಿ ಉದ್ದ. ಗಿನ್ನೆಸ್ ದಾಖಲೆ ಬಂತು. 2023ರ ಮಾರ್ಚ್ 12ರಂದು ಪ್ರಧಾನಿಯವರೇ ಲೋಕಾರ್ಪಣೆ ಮಾಡಿದರು. ಗಂಟು ಹೊತ್ತ ಮುದುಕಿ ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ಗಾಡಿ ಬಿಡುತ್ತದೆ. ಇರಲಿ. ಹೆಮ್ಮೆ ಮುಖ್ಯ.

ಇಷ್ಟುದ್ದ ಅಳೆಯುವ ಟೇಪು ಇರುವ ಊರಲ್ಲಿ, ಹತ್ತಡಿಯ ಮನೆಯೊಂದನ್ನು ಅಳೆದು ‘ಇದು ನಿಮ್ಮದು’ ಎಂದು ಉತಾರ ಬರೆದುಕೊಡುವುದಕ್ಕೆ ಮಾತ್ರ ಎಷ್ಟೋ ಓಣಿಗಳಲ್ಲಿ ಕೈ ಬರುವುದಿಲ್ಲ. ಹಕ್ಕುಪತ್ರ ಅಂದರೆ ಚುನಾವಣೆಗೆ ಮೊದಲು ತೋರಿಸುವ ವಸ್ತು. ಮದುವೆ ಮನೆಯಲ್ಲಿ ಫೋಟೊಕ್ಕೆ ಹಾಕಿ ಬಿಚ್ಚಿಕೊಳ್ಳುವ ಬಾಡಿಗೆ ಬಂಗಾರದ ಹಾಗೆ.

ಊರೊಳಗೆ ಗಿರಣಿ ಚಾಳ ಅಂತ ಒಂದು ಜಾಗವಿದೆ. ಗಿರಣಿ ಹೋಯಿತು. ಚಾಳ ಉಳಿಯಿತು. ಕೈಗಾರಿಕಾ ಇತಿಹಾಸವನ್ನು ಇದಕ್ಕಿಂತ ಚಿಕ್ಕದಾಗಿ ಯಾವ ಪ್ರೊಫೆಸರೂ ಬರೆದಿಲ್ಲ.

ಇನ್ನೊಂದು ಜಾಗ ಸೆಟ್ಲಮೆಂಟ್. ಕೆಲವು ಸಮುದಾಯಗಳು ಹುಟ್ಟಿನಿಂದಲೇ ಕಳ್ಳರು ಎಂದು 1871ರಲ್ಲಿ ಬ್ರಿಟಿಷರು ಕಾಯ್ದೆ ಮಾಡಿದರು. 1911ರಲ್ಲಿ ಅದನ್ನು ತಿದ್ದಿ ಮುಂಬೈ ಪ್ರಾಂತ್ಯಕ್ಕೂ ಹಚ್ಚಿದರು. ಹುಬ್ಬಳ್ಳಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಊರ ಹೊರಗೆ ತಂತಿ ಬೇಲಿ ಎದ್ದಿತು. ಹಾಜರಿ, ಹೊರಹೋಗಲು ಪಾಸು. ದಿನವಿಡೀ ಗಿರಣಿಯಲ್ಲಿ, ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿತ. ದುಡಿಯುವವರೆಗೆ ಕೂಲಿಕಾರ, ಸೈರನ್ ಕೂಗಿದ ಮೇಲೆ ಕಳ್ಳ.

ಆ ಜಾಗಕ್ಕೆ ಇಟ್ಟ ಹೆಸರು ನೋಡಿ. ಸೆಟ್ಲಮೆಂಟ್. ನೂರು ವರ್ಷವಾದರೂ ಅಲ್ಲಿ ಸೆಟಲ್ ಆಗದ್ದು ಮನೆಯ ಮಾತು ಒಂದೇ.

1952ರ ಆಗಸ್ಟ್ 31ಕ್ಕೆ ಕಾಯ್ದೆ ಹೋಯಿತು. ಸರ್ಕಾರ ಇವರಿಗೆ ‘ವಿಮುಕ್ತರು’ ಎಂದು ಬಿರುದು ಕೊಟ್ಟಿತು. ಬಿರುದಿಗೆ ಖರ್ಚಿಲ್ಲ. ಆಮೇಲೆ ‘ರೂಢಿಗತ ಅಪರಾಧಿ’ಗಳ ಕಾಯ್ದೆಗಳು ಬಂದವು. ಕರ್ನಾಟಕದ್ದು 1961ರದು. ಹಳೇ ಬಾಟಲಿ, ಹಳೇ ಸಾರಾಯಿ, ಚೀಟಿ ಮಾತ್ರ ಹೊಸದು. ವಿಮುಕ್ತರನ್ನು ರೂಢಿಗತ ಅಪರಾಧಿಗಳೆಂದು ಕಾಣಬೇಡಿ ಎಂದು ಜೈಲುಗಳಿಗೆ ಬುದ್ಧಿ ಹೇಳಲು ಸುಪ್ರೀಂ ಕೋರ್ಟೇ ಬರಬೇಕಾಯಿತು. ಅದೂ 2024ರ ಅಕ್ಟೋಬರ್‌ನಲ್ಲಿ. ನಡುವೆ 2008ರಲ್ಲಿ ರೇಣಕೆ ಆಯೋಗ ವರದಿ ಕೊಟ್ಟಿತ್ತು. ಆಮೇಲೆ ಇನ್ನೊಂದು ಆಯೋಗ, ಇನ್ನೊಂದು ವರದಿ. ವರದಿಗಳಿಗೆ ಕಪಾಟಿನಲ್ಲಿ ಖಾಯಂ ಜಾಗ ಸಿಕ್ಕಿದೆ. ಅವುಗಳನ್ನು ಯಾರೂ ಒಕ್ಕಲೆಬ್ಬಿಸುವುದಿಲ್ಲ.

ಹೆಸರು ಬದಲಿಸುವುದರಲ್ಲಿ ನಾವು ಹುಷಾರು. 2014ರ ರಾಜ್ಯೋತ್ಸವಕ್ಕೆ ಹುಬ್ಳಿ ಹುಬ್ಬಳ್ಳಿಯಾಯಿತು. ನಾವು ಮೊದಲೂ ಹಾಗೇ ಅನ್ನುತ್ತಿದ್ದೆವು, ಬೋರ್ಡು ಕಲಿಯಲು ತಡವಾಯಿತು ಅಷ್ಟೆ. ಸೆಟ್ಲಮೆಂಟಿಗೂ ಗಂಗಾಧರ ನಗರ ಎಂದು ಚೆಂದದ ಹೆಸರು ಬಂತು. ಆಟೋದವನಿಗೆ ಹೇಳಿ ನೋಡಿ.

“ಗಂಗಾಧರ ನಗರ ಅಂದ್ರ... ಸೆಟ್ಲಮೆಂಟ್ ಏನ್ರಿ?”

ಮೀಟರಿಗಿಂತ ಮೊದಲು ಅವನ ಹುಬ್ಬು ಏರುತ್ತದೆ.

ಅಲ್ಲಿಯ ಹುಡುಗರ ಕೈಯಲ್ಲಿ ಹಾಕಿ ಕೋಲು ಕುಣಿಯುತ್ತದೆ. ಗೆದ್ದು ಕಪ್ ತಂದರೆ ಅವನು ‘ಹುಬ್ಬಳ್ಳಿ ಹುಡುಗ’. ಎಲ್ಲೋ ಒಂದು ಸೈಕಲ್ ಕಳುವಾದರೆ ಅದೇ ಹುಡುಗ ‘ಸೆಟ್ಲಮೆಂಟ್ ಹುಡುಗ’. ಒಂದೇ ಮನೆ, ಎರಡು ವಿಳಾಸ. ಉತಾರ ಒಂದೂ ಇಲ್ಲ.

ನಮ್ಮ ವಿದ್ಯಾನಗರದ ಸಭ್ಯರೂ ಕಡಿಮೆಯಿಲ್ಲ. ಭಾಂಡಿ ತಿಕ್ಕಲು ಬಂದವಳ ವಿಳಾಸ ಕೇಳಿ ಮೊದಲು ಬೆಳ್ಳಿ ಲೋಟ ಎಣಿಸುತ್ತಾರೆ. ಆಮೇಲೆ ಆಧಾರ್ ಝೆರಾಕ್ಸ್ ಕೇಳುತ್ತಾರೆ. ಅದೇ ಯಜಮಾನರು ಭಾನುವಾರ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹಳೇ ಓಣಿಗಳಿಗೆ ಇಳಿಯುತ್ತಾರೆ. ಮಣ್ಣಿನ ಗೋಡೆ, ಹುಳ ತಿಂದ ತೊಲೆ, ಬಿರುಕಿನ ನಡುವೆ ಹಚ್ಚಿದ ನೀಲಿ ಬಣ್ಣ. “ಎಂಥಾ ಸೊಗಸು! ಇದನ್ನ ಹೀಂಗ ಉಳಿಸ್ಬೇಕು” ಅನ್ನುತ್ತಾರೆ. ಒಳಗೆ ಅಜ್ಜಿ ಸೋರುವ ಕಡೆಗೆ ತಪೇಲಿ ಇಡುತ್ತಿರುತ್ತಾಳೆ. ಆ ತಪೇಲಿಯೂ ಫೋಟೊದಲ್ಲಿ ಚೆಂದ ಬರುತ್ತದೆ.

ಉಳಿಸಬೇಕಂತೆ. ಇವರ ಮನೆಯ ಬಾತ್‌ರೂಮಿನ ಟೈಲ್ಸ್ ಎರಡು ಸಲ ಬದಲಾದವು. ಪರಂಪರೆ ಉಳಿಸುವ ಗುತ್ತಿಗೆ ಮಾತ್ರ ಬಡವರಿಗೆ.

2016ರಲ್ಲಿ ಹುಬ್ಬಳ್ಳಿ-ಧಾರವಾಡ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಚಿಗರಿ ಬಸ್ಸಿಗೆ ತನ್ನದೇ ದಾರಿ ಸಿಕ್ಕಿತು. ದಿನದ 24 ತಾಸೂ ನೀರು ಕೊಡುವ ವಿಶ್ವಬ್ಯಾಂಕ್ ನೆರವಿನ ಪ್ರಯೋಗ ನಡೆದ ಊರುಗಳಲ್ಲಿ ನಮ್ಮದೂ ಒಂದು. ಕೆಲವು ಬಡಾವಣೆಗಳಲ್ಲಿ ನೀರು ಹಗಲು ರಾತ್ರಿ ಹರಿಯಿತು. ಅತ್ತ ಓಣಿಗಳಲ್ಲಿ ನೀರು ಬರುವ ದಿನ ಅಂದರೆ ಸಣ್ಣ ಜಾತ್ರೆ. ಆ ದಿನ ಕೂಲಿಗೆ ರಜೆ, ಮಗಳಿಗೆ ಶಾಲೆ ರಜೆ. ಬ್ಯಾರಲ್ ತುಂಬಬೇಕಲ್ಲ.

ಇನ್ನು ಮಳೆ. 2019ರ ಆಗಸ್ಟ್‌ನಲ್ಲಿ ಗೋಡೆಗಳು ಕುಸಿದಾಗ ಸರ್ಕಾರ ಬಿದ್ದ ಮನೆಗಳಿಗೆ ಎ, ಬಿ, ಸಿ ಎಂದು ಅಕ್ಷರಾಭ್ಯಾಸ ಮಾಡಿಸಿತು. ಪೂರ್ತಿ ನೆಲಕಚ್ಚಿದ್ದು ಎ, 5 ಲಕ್ಷ. ಸ್ವಲ್ಪ ಹಾನಿಯಾದದ್ದು ಸಿ, 50 ಸಾವಿರ. ಅಂದರೆ ಬೀಳುವುದಾದರೆ ನೆಟ್ಟಗೆ ಬೀಳಬೇಕು. ಅರ್ಧ ಬಿದ್ದ ಗೋಡೆಗೆ ಮಹತ್ವಾಕಾಂಕ್ಷೆ ಸಾಲದು. ಬಡವ ಮೊದಲ ದರ್ಜೆಯಲ್ಲಿ ಪಾಸಾಗುವ ಪರೀಕ್ಷೆ ಇದೊಂದೇ. ಅದರಲ್ಲೂ ಹಾಲ್‌ಟಿಕೆಟ್ ಕೇಳುತ್ತಾರೆ. “ಉತಾರ ಐತೇನು?”

ಮನೆಗೆ ಉತಾರ ಬೇಕು. ಹೆಮ್ಮೆಗೆ ಬೇಡ. ಅದಕ್ಕೇ ಹೆಮ್ಮೆಯನ್ನು ಇಷ್ಟು ಧಾರಾಳವಾಗಿ ಹಂಚುವುದು.

ಹಾಗಂತ ಓಣಿಯವರಿಗೆ ಅಭಿಮಾನ ಇಲ್ಲವೆಂದಲ್ಲ. ಇದೆ, ನಮಗಿಂತ ಹೆಚ್ಚಿದೆ. ನಸುಕಿನಲ್ಲಿ ಎದ್ದು ಅಂಗೈಯಗಲದ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕುತ್ತಾರೆ. ಓಣಿಯಲ್ಲಿ ಹೆಣ ಬಿದ್ದರೆ ಹೊರಲು ಯಾರನ್ನೂ ಕರೆಯಬೇಕಿಲ್ಲ. ಹೋಳಿಗೆ ಕಾಮಣ್ಣನನ್ನು ಕೂರಿಸಲು ಮನೆಮನೆಯಿಂದ ಪಟ್ಟಿ ಎತ್ತುತ್ತಾರೆ. ಸಿಟ್ಟು ಬರುವುದು ಇದರ ಮೇಲಲ್ಲ. ಈ ಅಭಿಮಾನದ ಎದುರು ಕುರ್ಚಿ ಹಾಕಿ ಕೂತು, ಹಾರ ಹಾಕಿಸಿಕೊಂಡು ಹೋಗುವವರ ಮೇಲೆ.

“ನಾನೂ ಇದೇ ಓಣ್ಯಾಗ ಬೆಳದಾಂವ” ಎನ್ನುತ್ತಾರೆ ಸಾಹೇಬರು. ನಿಜ. ಬೆಳೆದದ್ದು ಇಲ್ಲೇ. ದೊಡ್ಡವರಾದ ಕೂಡಲೇ ಎದ್ದು ಹೋದರು. ಬರುವುದು ಹಬ್ಬಕ್ಕೆ, ಮತಕ್ಕೆ. ಅವರಿಗಿಂತ ಮೊದಲು ಅವರ ಫ್ಲೆಕ್ಸ್ ಬರುತ್ತದೆ. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಎತ್ತರ. ಯಾವ ಮನೆಯ ಮುಂದೆ ನಿಲ್ಲಿಸಿದರೂ ಮನೆ ಕಾಣುವುದಿಲ್ಲ. ಅದಕ್ಕೇ ನಿಲ್ಲಿಸುವುದೋ ಏನೋ.

ಹಬ್ಬ ಮುಗಿದ ರಾತ್ರಿಯೇ ಫ್ಲೆಕ್ಸ್ ಮಾಯ. ಪಾಲಿಕೆಯವರು ತೆಗೆದರು ಅಂದುಕೊಳ್ಳಬೇಡಿ. ಕತ್ತೆತ್ತಿ ಮಾಳಿಗೆ ನೋಡಿ. ತಗಡಿನ ತೂತು ಮುಚ್ಚಿಕೊಂಡು ಸಾಹೇಬರು ಅಂಗಾತ ಮಲಗಿರುತ್ತಾರೆ. ಎದೆಯ ಮೇಲೆ ನಾಲ್ಕು ಕಲ್ಲು, ಗಾಳಿಗೆ ಹಾರದಿರಲಿ ಅಂತ. ಮುಗಿದ ಕೈ ಆಕಾಶಕ್ಕೆ.

ಹೋದ ಮಳೆಗಾಲದಲ್ಲಿ ಆ ಓಣಿಗೆ ಹೋಗಿದ್ದೆ. ಸಾಹೇಬರ ಹಲ್ಲಿನ ಹತ್ತಿರ ಹರಿದು, ಅಲ್ಲಿಂದಲೇ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ತಪೇಲಿ ಸರಿಸುತ್ತಿದ್ದ ಅಜ್ಜಿ ನನ್ನನ್ನು ಪಕ್ಷದವನೆಂದು ತಿಳಿದಳೋ ಏನೋ, ಸೆರಗು ಸರಿಮಾಡಿಕೊಂಡು ಕೇಳಿದಳು:

“ಸಾಹೇಬ್ರ ಹುಟ್ಟಿದಹಬ್ಬ ಯಾವಾಗ್ರೀ ಯಪ್ಪಾ? ಈ ಸಲ ಒಂದೀಟು ದಪ್ಪಂದು ಹಾಕ್ಸಾಕ ಹೇಳ್ರಿ.”