ಎರಡು ಖಾನಾವಳಿ, ಒಂದು ತೀರ್ಪು

ಬೆಂಗಳೂರಿನಲ್ಲಿರುವ ಮಗಳು ಎರಡು ಜಪಾನಿ ಹೋಟೆಲುಗಳನ್ನು ತೂಗಿ ನೋಡಿ ಫೋನಿನಲ್ಲೇ ತೀರ್ಪು ಕೊಟ್ಟಳು. ಒಂದರಲ್ಲಿ ಸುಶಿಯ ಅನ್ನ ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗಿತ್ತಂತೆ. ಇನ್ನೊಂದರಲ್ಲಿ ವಸಾಬಿ ನಕಲಿಯಂತೆ. ಅಸಲಿ ವಸಾಬಿ ತುರಿದ ಕಾಲು ತಾಸಿನಲ್ಲೇ ಘಾಟು ಕಳೆದುಕೊಳ್ಳುತ್ತದೆ, ಬೆಲೆಯೂ ವಿಪರೀತ. ಅದಕ್ಕೇ ಬಹಳ ಕಡೆ ಸಾಸಿವೆ ಜಾತಿಯ ಬೇರೊಂದು ಬೇರಿಗೆ ಹಸಿರು ಬಣ್ಣ ಬಳಿದು ಇಡುತ್ತಾರೆ.

“ಹುಳಿ ಅನ್ನದ ಮ್ಯಾಲೆ ಹಸಿ ಮೀನಾ? ಚಿತ್ರಾನ್ನಕ್ಕ ಏನ್ ಗತಿ ಬಂತವ್ವಾ!” ಅಂದಳು ನನ್ನಾಕೆ.

ಸವಣೂರಿನವನಿಗೆ ಸುಶಿ ಎಲ್ಲಿಂದ ಬರಬೇಕು? ಆದರೆ ತೀರ್ಪು ಕೊಡುವ ಚಟಕ್ಕೆ ಶಿಗ್ಗಾವಿಯದೊಂದು, ಹಾನಗಲ್ಲಿನದೊಂದು ಖಾನಾವಳಿ ಸಾಕು. ಶಿಗ್ಗಾವಿ ಹುಬ್ಬಳ್ಳಿ–ಹಾವೇರಿ ಹೆದ್ದಾರಿಯ ಊರು. ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬೀಳುತ್ತದೆ. ಬದನೆಕಾಯಿ ಎಣ್ಣೆಗಾಯಿ ಮಾತ್ರ ಕೆಂಪಗೆ ಹೆದರಿಸಿ ಬಾಯಿಗೆ ಬಂದಾಗ ಸಪ್ಪಗಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಅದು, ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಜಿಐ ಮಾನ್ಯತೆ ಸಿಕ್ಕರೂ ಸ್ವಭಾವ ಬದಲಿಸಿಲ್ಲ. ಹಾನಗಲ್ಲು ಭತ್ತದ ಸೀಮೆ. ಅಲ್ಲಿ ರೊಟ್ಟಿ ಬರೀ ಶಾಸ್ತ್ರಕ್ಕೆ, ಅಸಲಿ ಊಟ ಅನ್ನ ಬಂದ ಮೇಲೇ. ಅದರ ಸಾರಿಗೆ ನಾನು ನೂರಕ್ಕೆ ನೂರು ಕೊಟ್ಟಿದ್ದೇನೆ. ಕಿಸೆಯೊಳಗಿನ ಸವಣೂರು ಖಾರದ ಪೊಟ್ಟಣ ಬಿಚ್ಚಿ ಅನ್ನದ ಮೇಲೆ ಉದುರಿಸಿಕೊಂಡ ಮೇಲೆ ಕೊಟ್ಟ ಅಂಕವಿದು ಎಂಬುದನ್ನು ಮಗಳಿಗೆ ಹೇಳಿಲ್ಲ.

ಕಷ್ಟವಿರುವುದು ತೀರ್ಪನ್ನು ಮನೆಯಲ್ಲಿ ಓದುವಾಗ. ಶಿಗ್ಗಾವಿ ರೊಟ್ಟಿ ಹೊಗಳಿದ ಮರುದಿನ ನಮ್ಮನೆಯ ಹಂಚು ಒಲೆ ಏರಲಿಲ್ಲ. ಹಾನಗಲ್ಲಿನ ಸಾರು ಹೊಗಳಿದ ರಾತ್ರಿ ಅನ್ನಕ್ಕೆ ಜೊತೆಯಾಗಿ ಬಂದದ್ದು ಉಪ್ಪು. ಆಕೆಯ ತವರು ಹಿರೇಕೆರೂರಿನ ಊಟವನ್ನಂತೂ ಯಾವುದರ ಜೊತೆಗೂ ತೂಗುವ ಧೈರ್ಯ ಇದುವರೆಗೂ ಬಂದಿಲ್ಲ. ಅತ್ತೆಯವರ ಶೇಂಗಾ ಹಿಂಡಿ ಸ್ಪರ್ಧೆಯ ಹೊರಗಿನ ವಸ್ತು.

ಕೊನೆಗೆ ಜಾಣನಾದೆ. “ಎರಡೂ ಕಡೆ ಊಟ ದಂಡ, ಮನೀ ಊಟದ ಮುಂದ ಏನೂ ಅಲ್ಲ” ಅಂದೆ. ಆಕೆ ಲಟ್ಟಣಿಗೆ ಕೆಳಗಿಟ್ಟಳು.

“ಅಷ್ಟ ಕೆಟ್ಟ ಊಟಕ್ಕ ವಾರಾ ವಾರಾ ಯಾಕ ಓಡ್ತೀರಿ?”

ಉತ್ತರ ಹೊಳೆಯಲಿಲ್ಲ. ಪುನರ್ವಿಮರ್ಶೆಗೆ ಬರುವ ಸೋಮವಾರ ತಾನೂ ಹಾನಗಲ್ಲಿಗೆ ಬರುತ್ತಾಳಂತೆ. ಶಕ್ತಿ ಯೋಜನೆ ಇದೆ, ಆಕೆಗೆ ಬಸ್ಸು ಪುಕ್ಕಟೆ. ಟಿಕೀಟು ನನಗೊಬ್ಬನಿಗೇ, ಊಟದ ಬಿಲ್ಲು ಇಬ್ಬರದೂ. ಖಾರದ ಪೊಟ್ಟಣವನ್ನು ಮಾತ್ರ ಈ ಸಲ ಮನೆಯಲ್ಲೇ ಬಿಟ್ಟು ಬರಬೇಕಂತೆ.