ಜೇಬಿಗೊಂದು ಚಾಕು

ಜೇಬಿನಲ್ಲಿ ಚಾಕು ಇಟ್ಟುಕೊಂಡು ಓಡಾಡುವವನ ಬಗ್ಗೆ ನಮ್ಮ ಜನಕ್ಕೆ ಎರಡು ಅಭಿಪ್ರಾಯಗಳಿವೆ. ಕೊರಿಯರ್ ಡಬ್ಬಿಯ ಟೇಪು ಹಲ್ಲಿಗೂ ಬಗ್ಗದಿದ್ದಾಗ, ರೈಲಿನಲ್ಲಿ ಸೀಬೆಹಣ್ಣು ಕೊಂಡು ಹೆಚ್ಚುವುದು ಹೇಗೆಂದು ಮುಖ ಮುಖ ನೋಡಿಕೊಳ್ಳುವಾಗ, ಗಣಪತಿ ಪೆಂಡಾಲಿನ ಹಗ್ಗ ಕಗ್ಗಂಟಾದಾಗ ಅವನು ಆಪದ್ಬಾಂಧವ. ಮಿಕ್ಕ ಹೊತ್ತಿನಲ್ಲಿ ರೌಡಿ. ಬಕ್ಕತಲೆ, ಬೈಫೋಕಲ್ ಕನ್ನಡಕ, ಬಿಪಿ ಮಾತ್ರೆಯ ಪಟ್ಟಿ ಎಲ್ಲವೂ ಇರುವ ನಾನು ಚಾಕು ತೆಗೆದು ಟಕ್ಕೆಂದು ಬಿಚ್ಚಿದರೂ ಎದುರಿಗಿದ್ದವರು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಸರ್ವಿಸ್ಸಿನುದ್ದಕ್ಕೂ ಒಬ್ಬ ಅಟೆಂಡರ್ ಕೂಡ ಹೆದರದಿದ್ದ ಮನುಷ್ಯನಿಗೆ ಇದು ಸಣ್ಣ ಮರ್ಯಾದೆಯೇನಲ್ಲ.

ತಪ್ಪು ಸಿನಿಮಾದವರದು. ಉತ್ತರ ಪ್ರದೇಶದ ರಾಂಪುರದ ಮಡಚುವ ಚಾಕುವನ್ನು ಬೊಂಬಾಯಿಯವರು ಖಳನಾಯಕರ ಕೈಗೆ ಕೊಟ್ಟು, ಅದು ಕಟಕಟ ಎಂದು ತೆರೆದುಕೊಳ್ಳುವ ಸದ್ದಿಗೇ ಟಾಕೀಸಿನಲ್ಲಿ ಶಿಳ್ಳೆ ಬೀಳುವಂತೆ ಮಾಡಿದರು. 1965ರ ‘ವಕ್ತ್’ ಚಿತ್ರದಲ್ಲಿ ರಾಜ್ ಕುಮಾರ್ (ನಮ್ಮ ಅಣ್ಣಾವ್ರಲ್ಲ, ಅವರ ಕಡೆಯವರು) ಚಾಕು ಹಿಡಿದವನಿಗೆ ಇದು ಮಕ್ಕಳಾಟಿಕೆಯಲ್ಲಪ್ಪಾ ಎಂಬರ್ಥದ ಬುದ್ಧಿ ಹೇಳಿದ್ದೇ ಹೇಳಿದ್ದು, ಸಂಭಾವಿತರು ಜೇಬಿಗೆ ಚಾಕು ಇಳಿಸುವುದನ್ನೇ ಬಿಟ್ಟರು. ರಾಂಪುರದವರಿಗೆ ಮಾತ್ರ ಇದರಿಂದ ಬೇಸರವಾದಂತಿಲ್ಲ. 2023ರಲ್ಲಿ ಊರಿನ ಒಂದು ಸರ್ಕಲ್ಲಿಗೆ ಸುಮಾರು ಇಪ್ಪತ್ತಡಿ ಉದ್ದದ ಚಾಕುವನ್ನೇ ನಿಲ್ಲಿಸಿಕೊಂಡಿದ್ದಾರೆ.

ಆದರೆ ತೀರ್ಥಹಳ್ಳಿ ಕಡೆಯ ನನ್ನ ಸೋದರಮಾವನ ಚಾಕುವಿಗೆ ಯಾರೂ ಹೆದರಿದ್ದು ಕಾಣೆ. ಅದು ಎಲೆಯಡಿಕೆ ಸಂಚಿಯಲ್ಲಿ ಅಡಕತ್ತರಿಯ ಪಕ್ಕ ಮಲಗಿರುತ್ತಿತ್ತು. ವೀಳ್ಯದೆಲೆಯ ತೊಟ್ಟು ಚಿವುಟುವುದಕ್ಕೆ, ಊಟಕ್ಕೆ ಬಾಳೆಲೆ ಕುಯ್ಯುವುದಕ್ಕೆ, ನಮ್ಮ ಪೆನ್ಸಿಲ್ ಹೆರೆಯುವುದಕ್ಕೆ, ದೀಪಕ್ಕೆ ಹಿಡಿದು ಕಾಯಿಸಿ ನಮ್ಮ ಕಾಲಿನ ಮುಳ್ಳು ಕೀಳುವುದಕ್ಕೆ ಅದೊಂದೇ. ಮಸೆದು ಮಸೆದು ಅಲಗು ಅರ್ಧಕ್ಕೆ ಇಳಿದಿತ್ತು. ಕಂಪನಿಯ ಹೆಸರು ಯಾವತ್ತೋ ಅಳಿಸಿ, ಹಿಡಿಯ ಒಂದು ರಿವಿಟ್ಟಿನ ಜಾಗದಲ್ಲಿ ತಾಮ್ರದ ತಂತಿ ಬಂದಿತ್ತು. ಮಾವನಿಗೆ ಅದು ಯಾವ ಉಕ್ಕು ಎಂದು ಗೊತ್ತಿರಲಿಲ್ಲ. ಸಂಜೆ ಅಂಗಳದ ಕಲ್ಲಿಗೆ ಎರಡು ಹನಿ ನೀರು ಹಾಕಿ ನಾಲ್ಕು ಸಲ ಎಳೆದರೆ ಅದು ಕೂದಲು ಕತ್ತರಿಸುತ್ತದೆ ಎಂದಷ್ಟೇ ಗೊತ್ತಿತ್ತು.

ಅಂಥದೊಂದು ನನಗೂ ಬೇಕೆಂದು ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಗಲ್ಲಾದ ಮೇಲೆ ಕೂತಿದ್ದ ಯಜಮಾನರು ಕನ್ನಡಕದ ಮೇಲಿನಿಂದ ನೋಡಿದರು.

“ಯಾತಕ್ಕೆ ಬೇಕು ಸಾರ್?”

“ದಿನಾ ಬಳಸೋಕೆ. ಗಟ್ಟಿಮುಟ್ಟಾಗಿರ್ಬೇಕು.”

“ದಿನಾ ಏನು ಕುಯ್ತೀರಾ?”

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಚಾಕು ಎಂದೊಡನೆ ನನ್ನ ಮನಸ್ಸು ಆಗುಂಬೆಯ ಕಾಡಿನಲ್ಲಿ ಬಳ್ಳಿ ಕಡಿಯುತ್ತಿತ್ತು. ಬಾಯಿ ಮಾತ್ರ ನಿಜ ಹೇಳಿತು: “ನಿಂಬೆಹಣ್ಣು. ಹಾಲಿನ ಪ್ಯಾಕೆಟ್ಟು. ಪಾರ್ಸಲ್ಲಿನ ಟೇಪು.”

ಯಜಮಾನರು ತೆಗೆದಿಟ್ಟಿದ್ದ ದೊಡ್ಡ ಚಾಕುವನ್ನು ಮಾತಾಡದೆ ವಾಪಸು ಷೆಲ್ಫಿಗಿಟ್ಟರು. “ಮೂರು ಇಂಚಿನ ಅಲಗು ಸಾಕು. ಅದಕ್ಕಿಂತ ದೊಡ್ಡದು ತಗೊಳ್ಳೋರು ತೋರ್ಸೋಕೆ ತಗೋತಾರೆ, ಕುಯ್ಯೋಕಲ್ಲ.”

ಆಮೇಲೆ ಅವರು ಮಾಡಿದ ಪರೀಕ್ಷೆಯನ್ನು ಚಾಕು ಕೊಳ್ಳುವ ಪ್ರತಿಯೊಬ್ಬರೂ ನೋಡಬೇಕು. ಚಾಕು ಬಿಚ್ಚಿ, ಹಿಡಿಯನ್ನು ಎಡಗೈಯಲ್ಲಿ ಬಿಗಿ ಹಿಡಿದು, ಅಲಗಿನ ತುದಿಯನ್ನು ಎರಡು ಬೆರಳಲ್ಲಿ ಚಿವುಟಿ ಅತ್ತಿತ್ತ ಅಲ್ಲಾಡಿಸಿದರು. “ಪ್ಲೇ ಇದೆ, ಬೇಡ.” ಇನ್ನೊಂದನ್ನು ತೆಗೆದರು. ಅದು ಅಲುಗಲಿಲ್ಲ. ಮಡಚಿ ಟ್ಯೂಬ್‌ಲೈಟಿಗೆ ಹಿಡಿದರು. ಅಲಗು ಎರಡೂ ಪಕ್ಕಕ್ಕೆ ತಾಗದೆ ನಡುಮಧ್ಯೆ ಕೂತಿದೆಯೇ, ಎರಡೂ ಕಡೆ ಕೂದಲೆಳೆಯಷ್ಟು ಬೆಳಕು ಕಾಣುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ಮಡಚಿದ ಚಾಕುವಿನ ಮೇಲೆ ಉಗುರು ಆಡಿಸಿ, ತುದಿ ಒಳಗೆ ಮುಳುಗಿದೆಯೇ ಎಂದು ಖಾತರಿ ಮಾಡಿಕೊಂಡರು. “ಮೊನೆ ಆಚೆ ಇದ್ರೆ ಇದು ಮೊದ್ಲು ಕುಯ್ಯೋದು ನಿಮ್ ಪ್ಯಾಂಟ್ ಜೇಬು.” ಕೊನೆಗೆ ದಿನಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಮೇಲಿನಿಂದ ಗೀರಿದರು. “ಬರ್ರ್ ಅಂತ ಹರೀಬಾರ್ದು ಸಾರ್, ಸರ್ರ್ ಅಂತ ಇಳೀಬೇಕು.” ಇಳಿಯಿತು. ಸೆಕೆಂಡಿನೊಳಗೆ ವಿರೋಧ ಪಕ್ಷದ ನಾಯಕರ ಹೇಳಿಕೆ ಎರಡು ಭಾಗವಾಯಿತು.

ಆ ಚಾಕು ಕೊಂಡು ಸುಮ್ಮನೆ ಮನೆಗೆ ಬಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಚಾಕುವಿನ ವಿಷಯ ಓದಲು ಶುರುಮಾಡಿದವನಿಗೆ ಒಂದು ಚಾಕು ಸಾಲುವುದಿಲ್ಲ.

ಮೊದಲು ಬಂದದ್ದು ಸ್ವಿಸ್ಸಿನವರ ಕೆಂಪು ಚಾಕು. ಸ್ವಿಟ್ಜರ್ಲೆಂಡಿನ ಸೈನ್ಯಕ್ಕೆ ಸಿಪಾಯಿಗಳ ಚಾಕು ಬೇಕಾದಾಗ ಮೊದಲ ಕಂತನ್ನು ಮಾಡಿಕೊಟ್ಟವರು ಜರ್ಮನಿಯ ಜೋಲಿಂಗನ್ನಿನವರು. ಇದೇನು ಅವಮಾನ ಎಂದು ಇಬಾಖ್ ಎಂಬ ಊರಿನ ಕಾರ್ಲ್ ಎಲ್ಸೆನರ್ 1891ರಲ್ಲಿ ತಾನೇ ಮಾಡಿಕೊಡಲು ಹೊರಟ, ದರದಲ್ಲಿ ಜರ್ಮನರ ಜೊತೆ ಪೈಪೋಟಿ ಮಾಡಲಾಗದೆ ದಿವಾಳಿಯಂಚಿಗೆ ಬಂದ. 1897ರಲ್ಲಿ ಅವನು ರೂಪಿಸಿದ ಹಗುರಾದ ‘ಆಫೀಸರ್ ಚಾಕು’ ಅವನನ್ನು ಉಳಿಸಿತು. ತಾಯಿ ತೀರಿಕೊಂಡ 1909ರಲ್ಲಿ ಅವಳ ಹೆಸರು ವಿಕ್ಟೋರಿಯಾ ಎಂಬುದನ್ನೇ ಕಂಪನಿಗಿಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ‘ಇನಾಕ್ಸ್’ ಅದಕ್ಕೆ ಅಂಟಿಕೊಂಡು ವಿಕ್ಟೋರಿನಾಕ್ಸ್ ಆಯಿತು. ಮೊದಲ ಸಿಪಾಯಿ ಚಾಕುವಿನಲ್ಲಿ ಸ್ಕ್ರೂಡ್ರೈವರ್ ಇದ್ದದ್ದು ಬಂದೂಕು ಬಿಚ್ಚುವುದಕ್ಕೆ. ಆಫೀಸರನಿಗೆ ವೈನ್ ಬಾಟಲಿಯ ಬಿರಡೆ ತೆಗೆಯುವ ತಿರುಪು ಸೇರಿತು. ಯಾರಿಗೆ ಏನು ಕಷ್ಟವೋ ಅದು ಚಾಕುವಿನೊಳಗೆ ಬಂದು ಕೂರುತ್ತದೆ. ನಮ್ಮವರು ಮಾಡಿದ್ದರೆ ತೆಂಗಿನಕಾಯಿಯ ಕಣ್ಣು ಚುಚ್ಚುವ ಮೊಳೆ, ಗ್ಯಾಸ್ ಸಿಲಿಂಡರಿನ ಮುಚ್ಚಳ ಎಬ್ಬಿಸುವ ಕೊಕ್ಕೆ, ಸಿಮ್ ಕಾರ್ಡ್ ಚುಚ್ಚುವ ಪಿನ್ನು ಇರುತ್ತಿದ್ದವು.

ನಮ್ಮ ಮನೆಯಲ್ಲಿ ಆ ಬಿರಡೆ ತಿರುಪಿಗೆ ಕೆಲಸವೇ ಇಲ್ಲ ಎಂದು ನಾನು ಹಳಹಳಿಸುತ್ತಿದ್ದಾಗ ನಮ್ಮ ಮನೆಯವಳು ಅದನ್ನು ಕೈಯಿಂದ ಕಿತ್ತುಕೊಂಡು, ಅಕ್ಕಿ ಮೂಟೆಯ ಹಗ್ಗದ ಗಂಟಿನೊಳಗೆ ತಿರುಪು ತೂರಿಸಿ ಒಂದು ಸಲ ಎಳೆದಳು. ಗಂಟು ಬಿಚ್ಚಿತು. ಅವತ್ತಿನಿಂದ ಅದು ಅಡುಗೆಮನೆಯ ಗಂಟು ಬಿಚ್ಚುವ ಯಂತ್ರ. ಅಂದರೆ ಸ್ವಿಸ್ ಚಾಕು ನನ್ನ ಜೇಬು ಬಿಟ್ಟು ಸಾಂಬಾರ್ ಪುಡಿ ಡಬ್ಬದ ಪಕ್ಕ ಸೇರಿತು.

ಎರಡನೆಯದು ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯ ಒಪಿನೆಲ್. ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗೆಂದು ಮಾಡಿದ್ದು. ಬೀಚ್ ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಮುಗಿಯಿತು. ಮಡಚುವ ಚಾಕುವಿಗೆ ಬೀಗ ಬಹಳ ಮುಖ್ಯ. ಬರಿಯ ಸ್ಪ್ರಿಂಗಿನ ಬಲದ ಮೇಲೆ ನಿಂತ ಅಲಗು ಒತ್ತಡ ಬಿದ್ದಾಗ ಹಿಂದಕ್ಕೆ ಮಡಚಿಕೊಂಡು ಬೆರಳನ್ನು ಕೇಳುತ್ತದೆ. ಕೆಲವರು ಹಿಡಿಯ ಒಳಪಟ್ಟಿಯೇ ಬಂದು ಅಲಗಿನ ಬುಡಕ್ಕೆ ಆನುವಂತೆ ಮಾಡುತ್ತಾರೆ, ಕೆಲವರು ಬೆನ್ನಿನ ಸರಳನ್ನು ಕಚ್ಚಿಸುತ್ತಾರೆ. ಒಪಿನೆಲ್‌ನವರು 1955ರಲ್ಲಿ ಹಿಡಿಯ ಕುತ್ತಿಗೆಗೆ ಒಂದು ಉಕ್ಕಿನ ಬಳೆ ತೊಡಿಸಿದರು. ತಿರುಗಿಸಿದರೆ ಬೀಗ, ಮತ್ತೆ ತಿರುಗಿಸಿದರೆ ಬಿಡುಗಡೆ. ಸವೆಯುವುದಕ್ಕೆ ಅದರಲ್ಲಿ ಏನೂ ಇಲ್ಲ. ಕಡಿಮೆ ಸಾಮಾನು ಇದ್ದಷ್ಟೂ ಕೆಡುವುದು ಕಡಿಮೆ ಎಂಬ ತತ್ವ ನನಗೆ ಬಹಳ ಹಿಡಿಸಿತು.

ಹಿಡಿಸದೆ ಹೋದದ್ದು ಮಲೆನಾಡಿನ ಮಳೆಗೆ. ಆಷಾಢದಲ್ಲಿ ಮಾವನ ಮನೆಗೆ ಒಯ್ದೆ. ಮೂರನೇ ದಿನಕ್ಕೆ ಮರ ನೀರು ಕುಡಿದು ಉಬ್ಬಿ, ಅಲಗು ಒಳಗೇ ಸಿಕ್ಕಿಹಾಕಿಕೊಂಡಿತು. ಸವಾಯ್‌ನವರು ಇಂಥ ಹೊತ್ತಿನಲ್ಲಿ ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಗೆ ಹಾರಿಸುತ್ತಾರಂತೆ. ನಾನು ಜಗುಲಿಯ ಕಂಬಕ್ಕೆ ಕುಟ್ಟುತ್ತಾ ಕೂತಿದ್ದನ್ನು ನೋಡಿ ಅತ್ತೆ ಒಳಗಿನಿಂದ ಕೇಳಿದರು, “ಯಾರು ಬಾಗಿಲು ಬಡೀತಿರೋದು ನೋಡೋ?” ಅಲಗು ಹೊರಬಂದ ಮೇಲೆ ಅದರಲ್ಲಿ ಮಾವಿನಕಾಯಿ ಹೆಚ್ಚಿದೆ. ಕಾರ್ಬನ್ ಉಕ್ಕು. ಕಾಯಿಯ ಹುಳಿ, ಒಗರು ಕಬ್ಬಿಣಕ್ಕೆ ತಾಗಿ ಹೋಳೂ ಕಪ್ಪು, ಅಲಗೂ ಕಪ್ಪು. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪಾಗುವ ಈ ಗುಣದಿಂದಲೇ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದರು. ವಿಜ್ಞಾನದ ಈ ಸೊಗಸನ್ನು ವಿವರಿಸಿದರೂ ಉಪ್ಪಿನಕಾಯಿಗೆ ಕೂತಿದ್ದ ಹೆಂಗಸರು ಒಪ್ಪಲಿಲ್ಲ. ನನಗೂ ಚಾಕುವಿಗೂ ಒಟ್ಟಿಗೆ ಅಡುಗೆಮನೆ ಪ್ರವೇಶ ನಿಷೇಧವಾಯಿತು. ಅದೇ ಚಾಕುವಿನ ಸ್ಟೇನ್‌ಲೆಸ್ ಮಾದರಿಯೂ ಸಿಗುತ್ತದೆ. ನಮ್ಮ ಹುಣಸೆ, ನಿಂಬೆ, ಮಾವಿನ ನಾಡಿಗೆ ಅದೇ ಸರಿ.

ಈ ಮಧ್ಯೆ ಅಮೆರಿಕದಿಂದ ಭಾವಮೈದ ಬಂದ. ಅಲ್ಲಿ ದಿನಾ ಜೇಬಿನಲ್ಲಿರುವ ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿ ಫೋಟೋ ತೆಗೆಯುವ ಒಂದು ಪಂಥವೇ ಇದೆ. ಅವನು ಅದಕ್ಕೆ ದೀಕ್ಷೆ ತಗೊಂಡವನು. ಅವನ ಚಾಕುವಿನ ಬುಡದಲ್ಲಿ ಬಾಲ್ ಬೇರಿಂಗ್. ಹೆಬ್ಬೆರಳು ತಾಗಿಸಿದರೆ ಸಾಕು, ಚಿಮ್ಮಿ ನಿಲ್ಲುತ್ತದೆ. “ಭಾವ, ಇದು ಎಸ್30ವಿ ಸ್ಟೀಲು. 2001ರಲ್ಲಿ ಚಾಕುಗಳಿಗೇ ಅಂತ ಡಿಸೈನ್ ಮಾಡಿದ್ದು. ನಾಲ್ಕು ಪರ್ಸೆಂಟ್ ವನೇಡಿಯಂ!” ಎಂದ. ವನೇಡಿಯಂ ಇಂಗಾಲದ ಜೊತೆ ಸೇರಿ ಅತಿ ಗಟ್ಟಿ ಕಣಗಳಾಗಿ ಉಕ್ಕಿನೊಳಗೆ ಕೂರುತ್ತದೆ, ಹರಿತ ಬಹಳ ದಿನ ನಿಲ್ಲುತ್ತದೆ, ನಿಜ. ಆದರೆ ಆ ಕಣಗಳು ಮಾಮೂಲಿ ಸಾಣೆಕಲ್ಲಿಗಿಂತ ಗಟ್ಟಿ. ಅಂದಮೇಲೆ ಒಮ್ಮೆ ಮೊಂಡಾದರೆ ಕಲ್ಲು ಸವೆಯುತ್ತದೆ, ಚಾಕು ನಗುತ್ತದೆ. ವಜ್ರದ ಪುಡಿ ಅಂಟಿಸಿದ ಪಟ್ಟಿ ಬೇಕು. ಅದನ್ನೂ ಅವನು ತಂದಿದ್ದ.

ತರದೆ ಇದ್ದದ್ದು ಹಲಸಿನ ಹಣ್ಣಿನ ಅನುಭವ. ಅವನ ಅಕ್ಕ ಆ ಚಾಕು ತೆಗೆದುಕೊಂಡು, ಅಲಗಿಗೆ ಕೊಬ್ಬರಿ ಎಣ್ಣೆ ಹಚ್ಚದೆ, ಸೀಳಿದ ಹಣ್ಣಿನ ತೊಳೆ ಬಿಡಿಸುತ್ತಾ ಕೂತಳು. ಮೇಣ ಮೊದಲು ಅಲಗಿಗೆ, ಅಲ್ಲಿಂದ ಬುಡಕ್ಕೆ, ಬುಡದಿಂದ ಬೇರಿಂಗಿನ ಗುಂಡುಗಳೊಳಕ್ಕೆ ಇಳಿಯಿತು. ಸಂಜೆ ಭಾವಮೈದ ಅಭ್ಯಾಸದಂತೆ ಹೆಬ್ಬೆರಳು ತಾಗಿಸಿದ. ಚಾಕು ತಾಲೂಕು ಕಚೇರಿಯ ಕಡತದಂತೆ ಯೋಚನೆ ಮಾಡಿ, ಕಾಲುಭಾಗ ತೆರೆದು, ಅಲ್ಲೇ ನಿಂತಿತು. ಅವನು ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ ಗುಂಡುಗಳನ್ನು ಒಂದೊಂದಾಗಿ ಒರೆಸುತ್ತಿದ್ದಾಗ, ಎರಡು ಉರುಳಿ ಬಚ್ಚಲಿಗೆ ಹೋದವು. ವಿಮಾನದಲ್ಲಿ ಕೈಚೀಲಕ್ಕೆ ಅಂಥ ಚಾಕು ಸಲ್ಲದಾದ್ದರಿಂದ ಅದು ಚೆಕ್-ಇನ್ ಲಗೇಜಿನಲ್ಲಿ ಹಲಸಿನ ಪರಿಮಳದೊಡನೆ ಹಿಂದಿರುಗಿತು.

ಪೊಲೀಸರ ಭಯ ಇರುವವರಿಗೆ ಒಂದು ಮಾತು. ನಮ್ಮ ಆಯುಧ ನಿಯಮಗಳ ಪಟ್ಟಿ ಕಣ್ಣು ಹಾಕುವುದು 9 ಅಂಗುಲಕ್ಕಿಂತ ಉದ್ದ ಇಲ್ಲವೇ 2 ಅಂಗುಲಕ್ಕಿಂತ ಅಗಲದ ಅಲಗಿನ ಮೇಲೆ. ಅದರಲ್ಲೂ ಮನೆ, ಹೊಲದ ಕೆಲಸಕ್ಕೆಂದು ಮಾಡಿದವಕ್ಕೆ ವಿನಾಯಿತಿ ಉಂಟು. ಮೂರು ಇಂಚಿನವನು ಮಾನವಂತ. ಆದರೂ ಮೆಟ್ರೋ ಗೇಟಿನಲ್ಲಿ ನಿಯಮ ಓದಿ ಹೇಳಲು ಹೋಗಬೇಡಿ, ಚಾಕುವನ್ನು ಮನೆಯಲ್ಲೇ ಬಿಡಿ.

ಇಷ್ಟೆಲ್ಲ ಆದಮೇಲೆ ನನ್ನ ಜೇಬಿನಲ್ಲಿ ಉಳಿದದ್ದು ಎಸ್‌.ಜೆ.ಪಿ. ರಸ್ತೆಯ ಮೊದಲ ಚಾಕುವೇ. ಸಾಧಾರಣ ಸ್ಟೇನ್‌ಲೆಸ್ ಉಕ್ಕು, ನೋಡಲು ಲಕ್ಷಣವಿಲ್ಲ. ಬೇಗ ಮೊಂಡಾಗುತ್ತದೆ. ಆದರೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದಲ್ಲಿ ಹೊಳಪು ಹಚ್ಚದ ಒರಟು ಅಂಚಿದೆಯಲ್ಲ, ಅದರ ಮೇಲೆ ಅಲಗನ್ನು ಸ್ವಲ್ಪ ಓರೆಯಾಗಿ ಹಿಡಿದು ಆ ಕಡೆ ಈ ಕಡೆ ನಾಲ್ಕಾರು ಸಲ ಎಳೆದರೆ, ಕಾಫಿ ಸೋಸುವುದರೊಳಗೆ ಹರಿತ ವಾಪಸು. ಚಾಕು ಬಾಳಿಕೆ ಬರಬೇಕಾದರೆ ಉಕ್ಕು ಯಜಮಾನನ ಕೈಗೆ ಬಗ್ಗುವಂತಿರಬೇಕು. ಮಾವನ ಅಂಗಳದ ಕಲ್ಲು ಇದನ್ನೇ ಹೇಳುತ್ತಿತ್ತು.

ಆದರೆ ಚಾಕುಗಳು ಮುರಿದು ಸಾಯುವುದು ಅಪರೂಪ. ಅವು ಎರವಲು ಹೋಗಿ ಸಾಯುತ್ತವೆ. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳವಾಗುತ್ತದೆ, ನೆಲಕ್ಕಿಟ್ಟು ತೆಗೆದುಕೊಳ್ಳಬೇಕು ಎಂದು ಅಜ್ಜಿ ಹೇಳುತ್ತಿದ್ದಳು. ಶಾಸ್ತ್ರ ಸರಿಯೇ, ಕಾರಣ ಬೇರೆ. ಕೊಟ್ಟದ್ದು ವಾಪಸು ಬರುವುದಿಲ್ಲ, ಜಗಳ ಅದಕ್ಕೆ. ಒಂದು ಸಲ “ನಿಮ್ಮ ಹತ್ರ ಚಾಕು ಇರುತ್ತಲ್ಲಾ” ಎಂಬ ಖ್ಯಾತಿ ಬೀದಿಯಲ್ಲಿ ಹರಡಿತೋ, ಟೀವಿ ಕೇಬಲ್ಲು ಸುಲಿಯುವವರು, ಪೈಂಟ್ ಡಬ್ಬಿ ಮೀಟುವವರು, ಸ್ಕೂಟರಿನ ಸ್ಪಾರ್ಕ್ ಪ್ಲಗ್ ಕೆರೆಯುವವರು ಎಲ್ಲರೂ ನಮ್ಮ ಗೇಟಿನ ಚಿಲಕ ತೆಗೆಯುತ್ತಾರೆ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಎರಡು ಚಾಕು. ಒಂದು ನನಗೆ. ಇನ್ನೊಂದು ಕೇಳಿದವರಿಗೆ ಕೊಡುವುದಕ್ಕೆ, ಅದನ್ನು ಬೇಕೆಂದೇ ಮೊಂಡಾಗಿ ಇಟ್ಟುಕೊಂಡಿದ್ದೆ. ತೆಗೆದುಕೊಂಡು ಹೋದವರು ಬೆಣ್ಣೆಯನ್ನೂ ಕುಯ್ಯಲಾಗದೆ ಐದು ನಿಮಿಷದಲ್ಲಿ ತಂದುಕೊಡುತ್ತಿದ್ದರು, ಇನ್ನೊಂದು ಸಲ ಕೇಳುತ್ತಿರಲಿಲ್ಲ. ಉಪಾಯ ಬಹಳ ಚೆನ್ನಾಗಿ ನಡೆಯುತ್ತಿತ್ತು, ಎದುರುಮನೆಯ ರಿಟೈರ್ಡ್ ಮೇಷ್ಟ್ರು ಬರುವವರೆಗೆ. ಬೆಳಿಗ್ಗೆ ಒಯ್ದವರು ಮಧ್ಯಾಹ್ನವಾದರೂ ಬರಲಿಲ್ಲ. ಸಂಜೆ ಬಂದು ಚಾಕುವನ್ನು ಜಗುಲಿಯ ಮೇಲಿಟ್ಟರು. ಅಲಗು ಕನ್ನಡಿಯಂತೆ ಹೊಳೆಯುತ್ತಿತ್ತು.

“ಎಂಥಾ ಒಳ್ಳೇ ಚಾಕು ಸ್ವಾಮಿ, ಹೀಗೆ ಮೊಂಡು ಮಾಡಿ ಇಟ್ಕೋಬಹುದಾ? ಸೈಕಲ್ ಸಾಣೆಯವನು ಬಂದಿದ್ದ, ನಿಲ್ಲಿಸಿ ಹಿಡಿಸ್ಬಿಟ್ಟೆ. ನಲವತ್ತು ರೂಪಾಯಿ ಆಯ್ತು, ನಿಧಾನಕ್ಕೆ ಕೊಡಿ. ಮತ್ತೆ ನಾಳೆಯಿಂದ ದಿನಾ ನಾನೇ ಬಂದು ತಗೊಂಡ್ಹೋಗ್ತೀನಿ, ನೀವು ಏಳೋದೇನೂ ಬೇಡ.”