ಸಲ್ಯೂಷನ್ ಅಣ್ಣ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ಕಡೆಯೇ ಆಗಲಿ, ತೋಟದಲ್ಲಿ ಪೈಪು ಒಡೆಯಿತೆಂದರೆ ಸಾಕು, ಒಬ್ಬಾತ ಬೈಕು ನಿಲ್ಲಿಸಿ ಇಳಿಯುತ್ತಾನೆ. ಕರೆದವರು ಯಾರೂ ಇಲ್ಲ. ಆತ ಪ್ಲಂಬರೂ ಅಲ್ಲ. ಅವನ ಟೊಮೇಟೊ ಗಿಡಕ್ಕೇ ಇನ್ನೂ ಕಡ್ಡಿ ನೆಟ್ಟಿಲ್ಲ. ಆದರೆ ಬೈಕಿನ ಬಾಕ್ಸಿನಲ್ಲಿ ಆಕ್ಸಾ ಬ್ಲೇಡು, ಸೈಕಲ್ ಟ್ಯೂಬಿನ ಪಟ್ಟಿ, ಸಲ್ಯೂಷನ್ ಡಬ್ಬಿ ಸದಾ ಸಿದ್ಧ. ಡಬ್ಬಿಯ ಮುಚ್ಚಳ ಸುಲಭಕ್ಕೆ ಬರುವುದಿಲ್ಲ. ಅವನು ಅಂಟಿಸಿದ್ದರಲ್ಲಿ ಗಟ್ಟಿಯಾಗಿ ಹಿಡಿದಿರುವುದು ಅದೊಂದೇ.

ಮೊದಲ ಪ್ರಶ್ನೆ ಪೈಪಿನದಲ್ಲ. "ಬೋರಲ್ಲಿ ಎಷ್ಟಿಂಚು ನೀರು?"

"ಒಂದೂವರೆ ಇದ್ರೆ ಹೆಚ್ಚಣ್ಣ."

ಸಾವಿರ ಅಡಿ ದಾಟಿ ಕೊರೆಯುವ ಜಿಲ್ಲೆಯಲ್ಲಿ ಇದಕ್ಕೆ ನಿಜ ಹೇಳುವ ರೈತನನ್ನು ನಾನು ಕಂಡಿಲ್ಲ. ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಇಲ್ಲಿನ ಕೆರೆಗಳಿಗೆ ಬಂತು. ಇಂಚಿನ ಲೆಕ್ಕ ಮಾತ್ರ ಯಾರ ಬಾಯಲ್ಲೂ ಏರಲಿಲ್ಲ.

ಆಮೇಲೆ ಪಾಠ. "ಇದು ಗೋಂದಲ್ಲ ಕಣೋ. ಪಿವಿಸಿ ಮೈಯನ್ನೇ ಕರಗಿಸಿ ಎರಡನ್ನೂ ಒಂದು ಮಾಡ್ತದೆ. ತೇವ, ಮಣ್ಣು ಇರಬಾರದು. ಉಪ್ಪುಕಾಗದ ಹಾಕಿ ಉಜ್ಜು, ಎರಡೂ ಕಡೆ ತೆಳ್ಳಗೆ ಸವರು, ತಳ್ಳಿ ಕಾಲು ಸುತ್ತು ತಿರುಗಿಸು, ಅರ್ಧ ನಿಮಿಷ ಅದುಮಿ ಹಿಡ್ಕೋ. ನೀರು ಬಿಡೋದು ನಾಳೆ." ಒಂದಕ್ಷರ ತಪ್ಪಿಲ್ಲ. ಹೇಳುತ್ತಲೇ ಕೆಸರು ಪೈಪನ್ನು ಒದ್ದೆ ಲುಂಗಿಯಲ್ಲಿ ಒರೆಸುತ್ತಾನೆ. ಗಟ್ಟಿಯಾದ ಸಲ್ಯೂಷನ್‌ಗೆ ಬೈಕಿನ ಪೆಟ್ರೋಲ್ ಹೊಯ್ದು ಕಡ್ಡಿಯಲ್ಲಿ ಕದಡುತ್ತಾನೆ. ಹಾಗೆ ತೆಳುಮಾಡಿದ್ದು ಹಿಡಿಯೋದಿಲ್ಲ ಅಂತ ಪಕ್ಕದೂರಿನಲ್ಲಿ ಬೈದು ಬಂದವನೂ ಅವನೇ. ಕಪ್ಲಿಂಗ್ ಇಲ್ಲವೇ? ತೆಂಗಿನ ಗರಿಗೆ ಬೆಂಕಿ ಹಚ್ಚಿ ಪೈಪಿನ ಬಾಯಿ ಕಾಯಿಸಿ, ಇನ್ನೊಂದು ಪೈಪನ್ನು ತುರುಕಿ ಅಗಲ ಮಾಡುತ್ತಾನೆ. ಒಂದು ಕಡೆ ಸೀದು ತೆಳುವಾಗಿರುತ್ತದೆ. ಆ ಕಡೆಯನ್ನು ಮಣ್ಣಿನ ಕೆಳಗೆ ತಿರುಗಿಸಿಬಿಡುತ್ತಾನೆ.

ಅಷ್ಟರಲ್ಲಿ ಯಾರೋ ಹುಡುಗ ಡ್ರಿಪ್ಪಿನ ಕಪ್ಪು ಪೈಪು ತಂದು, "ಇದಕ್ಕೂ ಒಂಚೂರು ಬಳಿಯಣ್ಣ" ಅನ್ನುತ್ತಾನೆ.

"ಅದು ಸನ್ಯಾಸಿ ಕಣಪ್ಪ. ಯಾವ ಸಂಬಂಧಾನೂ ಅಂಟಿಸಿಕೊಳ್ಳಲ್ಲ. ಜಾಯ್ನರ್ ಹಾಕು."

ಇದೊಂದು ಮಾತಿಗೆ ಅವನ ಉಳಿದದ್ದನ್ನೆಲ್ಲ ಮನ್ನಿಸಬಹುದು. ಪಾಲಿಥೀನಿಗೆ ಸಲ್ಯೂಷನ್ ಹತ್ತುವುದಿಲ್ಲ. ದೊಡ್ಡ ಎಚ್‌ಡಿಪಿಇ ಪೈಪಾದರೆ ಸಾಮಾನ್ಯವಾಗಿ ಎರಡೂ ತುದಿ ಕಾಯಿಸಿ ಕರಗಿಸಿ ಕೂಡಿಸುತ್ತಾರೆ. ಅಂಗಡಿಯಲ್ಲಿ ಇಷ್ಟು ಹೇಳದೆ ಡಬ್ಬಿ ಕಟ್ಟಿಕೊಡುವವರಿದ್ದಾರೆ.

ನಾಳೆಯವರೆಗೆ ಕಾಯುವ ಯೋಗ ನಮ್ಮ ಕಡೆಯ ಯಾವ ಜಾಯಿಂಟಿಗೂ ಇಲ್ಲ. ತ್ರೀಫೇಸ್ ಬಂತು. ಆಟೋ ಸ್ಟಾರ್ಟರ್ ಟಪ್ಪೆಂದಿತು. ಯಾರೋ ಸ್ಟಾರ್ಟರ್ ಕಡೆಗೆ ಓಡುವಷ್ಟರಲ್ಲಿ ಪೈಪು ಬಿಟ್ಟುಕೊಂಡು, ನೀರು ಬಾಗಿ ನಿಂತಿದ್ದ ಅಣ್ಣನ ಮುಖಕ್ಕೇ ಅಪ್ಪಳಿಸಿತು. ಕಣ್ಣೊರೆಸಿಕೊಂಡು ಎದ್ದ. ಜಾಯಿಂಟಿನ ಕಡೆ ತಿರುಗಿಯೂ ನೋಡಲಿಲ್ಲ.

"ಒಂದೂವರೆ ಅಂದ್ಯಲ್ಲೋ ಕಳ್ಳ! ಎರಡೂವರೆ ಇಂಚಿಗೆ ಕಮ್ಮಿ ಇಲ್ಲ ಇದು!"